ಏಳಾಳು ನೀರು

ಉಮ್ಮ್ ಸದಫ್ ಅಂದರೆ ಚಿಪ್ಪುಗಳ ತಾಯಿ.
ಅಳಿವೆಯ ಈಚೆ ಶೇಖನ ಕೋಟೆ, ಆಚೆ ಅವನ ಚಿಕ್ಕಪ್ಪನ ಬುರುಜು,
ನಡುವೆ ದಾಟಿಸುವ ದೋಣಿಗೆ ಅರ್ಧ ಆಣೆ.
ನಾನು ಸೇಠ್ ವಿಸನ್‌ಜಿಯ ಗುಮಾಸ್ತ, ಬಾರ್ಕೂರಿನವ.
ಲೆಕ್ಕದ ಪುಸ್ತಕದ ಒಂದು ಮಗ್ಗುಲು ಗುಜರಾತಿ, ಇನ್ನೊಂದು ಅರಬ್ಬಿ,
ಅಂಚಿನಲ್ಲಿ, ಯಾರೂ ಓದಲಾರದ ಜಾಗದಲ್ಲಿ, ಕನ್ನಡ.

ಇಲ್ಲಿ ಗುಲಾಮರಿಗೆ ರತ್ನಗಳ ಹೆಸರಿಡುತ್ತಾರೆ.
ಅಲ್ಮಾಸ್. ಮರ್ಜಾನ್. ಯಾಕೂತ್.
ವಜ್ರ ಮುಳುಗುತ್ತದೆ, ಹವಳ ಹಗ್ಗ ಎಳೆಯುತ್ತದೆ,
ಮಾಣಿಕ್ಯದ ಕಿವಿಯಿಂದ ರಕ್ತ ಸೋರುತ್ತದೆ,
ಮುತ್ತು ನಾಖುದಾನ ಕೆಂಪು ಬಟ್ಟೆಯೊಳಗೆ ಹೋಗುತ್ತದೆ.
ಏಳಾಳು ನೀರು, ಎಂದು ಮೊದಲ ವರ್ಷ ಬರೆದುಕೊಂಡೆ.
ಆಳನ್ನೇ ಅಳತೆಗೋಲು ಮಾಡಿದ ಭಾಷೆ ನನ್ನದು.
ಆಳುವವನೂ ಅದೇ ಅಕ್ಷರಗಳಲ್ಲಿ ಕೂತಿದ್ದಾನೆ,
ಅದು ಕಂಡದ್ದು ಬಹಳ ತಡವಾಗಿ.

ಈ ಚಳಿಯಲ್ಲಿ ಯಾಕೂತ್ ಓಡಿದ.
ಮೂರು ರಾತ್ರಿ ಉಪ್ಪುಬಯಲು ನಡೆದು
ಇಂಗ್ಲಿಷರ ಏಜೆಂಟನ ಬಾವುಟದ ಕಂಬ ತಬ್ಬಿ ನಿಂತನಂತೆ,
ಬಿಡಿಸಲು ಬಂದವನ ಕೈ ಕಚ್ಚಿದನಂತೆ.
ಮೊಹರಿನ ಕಾಗದ ಮೇಣಬಟ್ಟೆಯಲ್ಲಿ ಸುತ್ತಿ
ಮತ್ತೆ ಇಲ್ಲಿಗೇ ಬಂದ, ಪೆದ್ದ,
ಹೆಂಡತಿ ಜಾಫರಾನ್ ಚಿಕ್ಕಪ್ಪನ ಮನೆಯಲ್ಲಿದ್ದಳಲ್ಲ.

ಹನ್ನೊಂದು ದಿನ ಮಜ್ಲಿಸು.
"ಇವತ್ತು ಒಬ್ಬ," ಎಂದ ಚಿಕ್ಕಪ್ಪ ಸುಹೈಲ್,
"ನಾಳೆ ದೋಣಿಗೆ ದೋಣಿಯೇ ಖಾಲಿ.
ಮುಳುಗುವುದು ಯಾರು, ನಿನ್ನ ಕಾಗದವೇ?"
"ರುಜು ಹಾಕಿದ್ದು ಅಜ್ಜ," ಎಂದ ಶೇಖ್.
"ನಾವು ಮರೆತರೂ ಹಡಗಿನ ಫಿರಂಗಿ ಮರೆಯುವುದಿಲ್ಲ."
ಖಾಜಿ ಗಡ್ಡ ನೀವಿಕೊಂಡು, ಬಿಡುಗಡೆ ಪುಣ್ಯ, ಆದರೆ ಸಾಲ ಸಾಲವೇ, ಎಂದರು.
ಎಷ್ಟು ಸಾಲ? ಎಲ್ಲರೂ ನನ್ನತ್ತ ತಿರುಗಿದರು.
ಪುಟ ತಿರುವಿ ಓದಿದೆ:
ಅಕ್ಕಿ, ಖರ್ಜೂರ, ಮೂಗಿಗೆ ಸಿಕ್ಕಿಸುವ ಆಮೆಚಿಪ್ಪಿನ ಚಿಮಟ,
ಮತ್ತು ಅವನನ್ನು ಕೊಂಡ ಬೆಲೆ.
ಯಾರೂ ನಗಲಿಲ್ಲ.
ಫಿಂಜಾನು ಅಲ್ಲಾಡಿಸಿದರೆ ಸಾಕು ಎಂದರ್ಥ ಇಲ್ಲಿ,
ಯಾರೂ ಅಲ್ಲಾಡಿಸಲಿಲ್ಲ.
ತಡಿಕೆಯ ಹಿಂದೆ ಕಾಫಿ ಕುಟ್ಟುವ ಒನಕೆ
ನಿಂತು ನಿಂತು ಕೇಳುತ್ತಿತ್ತು.

ಹನ್ನೆರಡನೆಯ ದಿನ ದೋಣಿ ನಿಂತಿತು.
ಬುರುಜಿಗೆ ತುಕ್ಕು ಹಿಡಿದ ತೋಪು ಏರಿತು,
ಅದು ಸಿಡಿದರೆ ಯಾವ ಕಡೆಗೆ ಸಿಡಿದೀತೆಂದು ಮಕ್ಕಳು ಪಂಥ ಕಟ್ಟಿದರು.
ಸೇಠರು ಎರಡೂ ದಡಕ್ಕೆ ತೋಟಾ ಕಡ ಕೊಟ್ಟರು
ಒಂದೇ ಪೆಟ್ಟಿಗೆಯಿಂದ. ನಾನು ಬರೆದೆ.
ಅಕ್ಕಿ ಮೂಟೆಗೆ ನಾಲ್ಕು ರೂಪಾಯಿ ಏರಿತು. ಬರೆದೆ.
ಈಚೆ ಗೋಡೆಯ ಮೇಲೆ ಕೋವಿ ಹಿಡಿದು ನಿಂತವನು ಮರ್ಜಾನ್,
ಆಚೆ ಅಲ್ಮಾಸ್.
ಒಡೆಯರು ಒಳಗೆ ಹಸಾನಿನ ಮಾತಾಡುತ್ತಿದ್ದರು,
ಮಾನ, ಮನೆತನ, ಅಜ್ಜನ ರುಜು.

ನಿದ್ದೆ ಬಾರದೆ ನೆನಪಾದದ್ದು ನಮ್ಮ ಮನೆಯ ಕ್ರಯಪತ್ರ.
ಬಾವಿ ಒಂದು, ಹಲಸು ಎರಡು,
ಮೂಲದಾಳು ಐತ ಮತ್ತು ಅವನ ಸಂತತಿ.
ಅಕ್ಷರ ತಿದ್ದಲು ಅದನ್ನೇ ನಕಲು ಮಾಡಿಸುತ್ತಿದ್ದ ಅಪ್ಪ
ಬೆನ್ನು ತಟ್ಟಿದ್ದ, ಳಕಾರ ಎಷ್ಟು ದುಂಡಗಿದೆ ಎಂದು.
ಐತನಿಗಾಗಿ ಯಾರೂ ತೋಪು ಏರಿಸಲಿಲ್ಲ.
ಜಗಳವೇ ಆಗಲಿಲ್ಲ ನಮ್ಮಲ್ಲಿ.
ಅಷ್ಟು ಶಾಂತವಾಗಿತ್ತು ಊರು.

ಯಾಕೂತ್ ಈಗ ನಮ್ಮ ಗೋದಾಮಿನಲ್ಲಿದ್ದಾನೆ, ಖರ್ಜೂರದ ಚೀಲಗಳ ಹಿಂದೆ.
ಸೇಠರಿಗೆ ಗೊತ್ತಿಲ್ಲ, ಅಥವಾ ಗೊತ್ತು.
ದೀಪ ತಗ್ಗಿಸಿ ಕಾಗದ ಓದಿ ಹೇಳಿದೆ.
ಹೆಸರು, ಯಾಕೂತ್. ಎಡಗೆನ್ನೆಯಲ್ಲಿ ಗಾಯ.
ತಂದೆಯ ಹೆಸರಿನ ಜಾಗದಲ್ಲಿ ಒಂದು ಗೀಟು.
ಆ ಗೀಟನ್ನು ಬೆರಳಿನಿಂದ ಸವರಿ ನೋಡಿದ,
ಉಬ್ಬು ಇದೆಯೇ ಎಂಬಂತೆ.
ಆಮೇಲೆ ಕೇಳಿದ: "ಇಳಿತ ಎಷ್ಟು ಹೊತ್ತಿಗೆ?"
"ಮೂರನೇ ಜಾವ."
"ನೀರು?"
"ಒಂದಾಳು."
ನಕ್ಕ. ನಾನು ಅವನ ನಗು ಕೇಳಿದ್ದು ಅದೊಂದೇ ಸಲ.

ಹೋಗಿ ಬಹಳ ಹೊತ್ತಾಯಿತು.
ಅವನ ಪುಟಕ್ಕೆ ಇನ್ನೂ ಅಡ್ಡಗೆರೆ ಎಳೆದಿಲ್ಲ.
ಎರಡೂ ಗೋಡೆಗಳ ಮೇಲೆ ಕಂದೀಲು.
ಆಚೆ ದಡದಲ್ಲಿ
ಕುಟ್ಟುವ ಸದ್ದು ನಿಂತಿದೆ.